ಹಳ್ಳದ ನೀರಿನ ವೇಗಕ್ಕೆ ಬದುಕುವ ಕುಂಬಾರರ ಊರು

ಜಪಾನ್ ಪ್ರವಾಸವೆಂದರೆ ಕ್ಯೋತೊ, ಫುಜಿ, ಹಿರೋಶಿಮಾ ಎಂಬ ಪಟ್ಟಿ ಸಿದ್ಧವಾಗಿಯೇ ಇರುತ್ತದೆ. ಕ್ಯೂಶೂ ದ್ವೀಪದ ಓಯಿತಾ ಪ್ರಾಂತ್ಯದ ಒಂತಾ ಆ ಪಟ್ಟಿಯಲ್ಲಿ ಸಿಗುವುದು ಅಪರೂಪ. ಹಿತಾ ಪಟ್ಟಣದಾಚೆಯ ಬೆಟ್ಟಗಳ ನಡುವೆ, ಹಳ್ಳವೊಂದರ ಎರಡೂ ದಡದಲ್ಲಿ ಹತ್ತರ ಆಸುಪಾಸು ಕುಂಬಾರ ಮನೆಗಳಿರುವ ಕೇರಿ ಇದು. 1705ರಲ್ಲಿ ಪಕ್ಕದ ಕೊಇಶಿವಾರಾದಿಂದ ಯಾನಸೆ ಮನೆತನದ ಕುಂಬಾರನೊಬ್ಬ ಇಲ್ಲಿಗೆ ಬಂದ. ಕುರೋಕಿ ಮನೆತನ ಹಣ ಹಾಕಿತು, ಸಾಕಾಮೊತೊ ಮನೆತನ ನೆಲ ಕೊಟ್ಟಿತು. ಇಂದಿನ ಮನೆಗಳಲ್ಲಿ ಹೆಚ್ಚಿನವು ಆ ಮೂರರ ಕವಲುಗಳೇ. ಇಲ್ಲಿನ ತಟ್ಟೆ, ಬೋಗುಣಿ, ಹೂಜಿಗಳು ಚೆಂದ, ನಿಜ. ಆದರೆ ಚೆಂದದ ಮಡಕೆಗಳು ಜಪಾನಿನ ಉದ್ದಗಲಕ್ಕೂ ಸಿಗುತ್ತವೆ. ಒಂತಾವನ್ನು ಹುಡುಕಿಕೊಂಡು ಹೋಗಬೇಕಾದದ್ದು, ಎಷ್ಟು ಮಾಡಿದರೆ ಸಾಕು ಎಂಬುದಕ್ಕೆ ಒಂದಿಡೀ ಊರು ಕಂಡುಕೊಂಡ ಉತ್ತರವನ್ನು ನೋಡಲು.

ಆ ಉತ್ತರ ಹಳ್ಳದಲ್ಲೇ ಇದೆ. ದಡದುದ್ದಕ್ಕೂ ‘ಕರ-ಉಸು’ ಎಂಬ ಮರದ ತೊಲೆಗಳು ನಮ್ಮ ಏತದ ಹಾಗೆ ಏರಿಳಿಯುತ್ತವೆ. ತೊಲೆಯ ಒಂದು ತುದಿಯನ್ನು ತೊಟ್ಟಿಯಂತೆ ಕೊರೆದಿರುತ್ತಾರೆ. ಅದರಲ್ಲಿ ನೀರು ತುಂಬಿದಾಗ ಭಾರಕ್ಕೆ ಕೆಳಗಿಳಿದು ಬರಿದಾಗುತ್ತದೆ. ಇನ್ನೊಂದು ತುದಿಯ ಒನಕೆ ಮೇಲೆದ್ದು ಕುಣಿಯಲ್ಲಿರುವ ಗಟ್ಟಿಮಣ್ಣಿನ ಮೇಲೆ ಧೊಪ್ಪನೆ ಬೀಳುತ್ತದೆ. ಹಗಲು ರಾತ್ರಿ ಕೇಳುವ ಈ ಸದ್ದನ್ನು ಜಪಾನ್ ಸರ್ಕಾರ 1996ರಲ್ಲಿ ದೇಶದ ನೂರು ಧ್ವನಿಗಳಲ್ಲಿ ಒಂದಾಗಿ ಆರಿಸಿತು. ಊರಿನ ಬೆಟ್ಟದಿಂದಲೇ ಅಗೆದು ತಂದ ಮಣ್ಣು ಹುಡಿಯಾಗಲು ವಾರಗಟ್ಟಲೆ ಬೇಕು. ಆಮೇಲೆ ಅದನ್ನು ನೀರಿನಲ್ಲಿ ಕಲಕಿ, ಸೋಸಿ, ಆರಿಸಬೇಕು. ಎಷ್ಟೇ ಆಸೆಬುರುಕನಾದರೂ ಹಳ್ಳ ಅರೆದು ಕೊಟ್ಟಷ್ಟು ಮಣ್ಣಿಗಿಂತ ಹೆಚ್ಚು ತಿಗರಿಗೆ ಹಾಕಲಾರ. ಹೀಗಾಗಿ ಒಂದು ಮನೆ ಇನ್ನೊಂದನ್ನು ಬಹುದೂರ ಹಿಂದಿಕ್ಕುವ ಮಾತೇ ಇಲ್ಲ. ತಿಗರಿಯನ್ನೂ ಕಾಲಿನಿಂದಲೇ ತಿರುಗಿಸುತ್ತಾರೆ. ಬಿಳಿ ಜೇಡಿ ಬಳಿದ ಹಸಿ ಪಾತ್ರೆ ಸುತ್ತುತ್ತಿರುವಾಗ ಅದಕ್ಕೆ ತೆಳ್ಳನೆಯ ಕಬ್ಬಿಣದ ಪಟ್ಟಿ ತಾಗಿಸಿದರೆ, ಅದು ಪುಟಿಪುಟಿದು ಸಾಲು ಸಾಲಾಗಿ ಗೀರುಗಳನ್ನು ಬಿಡಿಸುತ್ತದೆ. ‘ತೊಬಿಕನ್ನ’ ಎಂಬ ಈ ಅಲಂಕಾರವೇ ಒಂತಾದ ಗುರುತು. ಕುಂಬಾರ ತನ್ನ ಹೆಸರನ್ನು ಪಾತ್ರೆಯ ಮೇಲೆ ಹಾಕುವುದಿಲ್ಲ. 1995ರಲ್ಲಿ ಸರ್ಕಾರ ಈ ಕಸುಬನ್ನು ಮುಖ್ಯ ಅಮೂರ್ತ ಸಾಂಸ್ಕೃತಿಕ ಸಂಪತ್ತೆಂದು ಮಾನ್ಯ ಮಾಡಿದಾಗಲೂ ಗೌರವ ಸಂದದ್ದು ಕುಂಬಾರರ ಸಂಘಕ್ಕೆ, ಒಬ್ಬ ಕಲಾವಿದನಿಗಲ್ಲ.

ವಿದ್ಯುತ್ ಯಂತ್ರ ಕೊಂಡರೆ ಮುಗಿಯಿತು, ಹಳ್ಳದ ಮಿತಿ ಎಲ್ಲಿ ಉಳಿಯಿತು ಎಂದು ಯಾರಾದರೂ ಕೇಳಬಹುದು. ಕೊಂಡ ಊರಿನ ಉದಾಹರಣೆ ಹತ್ತಿರದಲ್ಲೇ ಇದೆ. ಮೂಲ ಊರಾದ ಕೊಇಶಿವಾರಾ ಯಂತ್ರಗಳನ್ನು ತಂದುಕೊಂಡು ಬೆಳೆಯಿತು. ಅಲ್ಲಿನ ಕುಂಬಾರ ಮನೆಗಳು ಈಗ ಒಂತಾದ ಹಲವು ಪಟ್ಟು. ಅದು ತಪ್ಪು ದಾರಿಯೆಂದು ನಾನು ಹೇಳಲಾರೆ, ಅಲ್ಲಿಯೂ ಒಳ್ಳೆಯ ಕೆಲಸವಾಗುತ್ತಿದೆ. ಆದರೆ ಗುಡ್ಡದಾಚೆಯ ನಂಟರು ಬೆಳೆಯುತ್ತಿರುವುದನ್ನು ನೋಡುತ್ತಲೇ ಒಂತಾ ಒನಕೆಯನ್ನು ಉಳಿಸಿಕೊಂಡಿತು ಎಂದ ಮೇಲೆ ಅದನ್ನು ಬಡತನ ಎನ್ನುವಂತಿಲ್ಲ, ಹಟ ಎಂದೂ ತಳ್ಳಿಹಾಕುವಂತಿಲ್ಲ. ಅದು ಊರು ಕೂಡಿ ಮಾಡಿದ ತೀರ್ಮಾನ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಜನಸಾಮಾನ್ಯರ ಕರಕುಶಲತೆಯ ಪರವಾಗಿ ಮಿಂಗೇ ಚಳವಳಿ ಕಟ್ಟಿದ ಯಾನಗಿ ಸೊಯೆತ್ಸು 1931ರಲ್ಲಿ ಇಲ್ಲಿಗೆ ಬಂದು ಊರನ್ನು ಕೊಂಡಾಡಿದರು. 1954ರಲ್ಲಿ ಇಂಗ್ಲೆಂಡಿನ ಕುಂಬಾರ ಬರ್ನಾರ್ಡ್ ಲೀಚ್ ಬಂದು ಉಳಿದು ಕೆಲಸ ಮಾಡಿದರು. ಹೊರಗಿನವರ ಈ ಮೆಚ್ಚುಗೆಯೇ ಊರನ್ನು ಹಳೆಯ ವೇಷದಲ್ಲಿ ಕಟ್ಟಿಹಾಕಿತಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಇಲ್ಲಿದ್ದು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಬ್ರಯನ್ ಮೊರನ್ 1984ರ ತಮ್ಮ ಪುಸ್ತಕದಲ್ಲಿ, ಮಿಂಗೇ ಅಲೆಯಿಂದ ಬೇಡಿಕೆ ಏರಿದಾಗ ಊರಿನ ಒಗ್ಗಟ್ಟು ಸಡಿಲಗೊಂಡದ್ದನ್ನು ತೋರಿಸಿದ್ದಾರೆ. ಅರ್ಧ ಬೇಸಾಯ ಅರ್ಧ ಕುಂಬಾರಿಕೆಯಾಗಿದ್ದ ಬದುಕು ಪೂರ್ತಿ ಕುಂಬಾರಿಕೆಯಾಯಿತು. ಗುಡ್ಡದ ಇಳಿಜಾರಿನಲ್ಲಿ ಎಲ್ಲರೂ ಸೇರಿ ಉರಿಸುತ್ತಿದ್ದ ಆವಿಗೆಯನ್ನು ಬಿಟ್ಟು ಕೆಲವು ಮನೆಗಳು ಸ್ವಂತದ್ದನ್ನು ಕಟ್ಟಿಕೊಂಡವು. ನನಗೆ ಈ ಸಾಕ್ಷ್ಯ ಒನಕೆಯ ಬೆಲೆಯನ್ನು ಇನ್ನಷ್ಟು ಹೆಚ್ಚಿಸಿದಂತೆ ಕಾಣುತ್ತದೆ. ಗದ್ದೆಯ ಮುಯ್ಯಾಳು, ಹಂಚಿಕೊಂಡ ಆವಿಗೆ ಎಲ್ಲ ಸಡಿಲಗೊಂಡಾಗಲೂ ಸಂತೆಯ ಒತ್ತಡಕ್ಕೆ ಬಗ್ಗದೆ ನಿಂತದ್ದು ಹಳ್ಳದ ವೇಗವೊಂದೇ.

ಉತ್ತರ ಸಿಗದ ಪ್ರಶ್ನೆಯೂ ಇದೆ. ಮನೆಗೊಬ್ಬ ವಾರಸುದಾರ, ಹೊರಗಿನ ಶಿಷ್ಯರಿಗೆ ಜಾಗವಿಲ್ಲ. ಮಣ್ಣು ಸೋಸಿ ಹದಮಾಡುವ ಭಾರವನ್ನು ಹೊತ್ತ ಹೆಂಗಸರಿಗೆ ಪರಂಪರೆ ತಿಗರಿಯನ್ನು ಕೊಡಲಿಲ್ಲ. ಮಣ್ಣನ್ನು ಹಂಚಿಕೊಳ್ಳುವ ನ್ಯಾಯ ಕೈಕೆಲಸವನ್ನು ಹಂಚಿಕೊಳ್ಳುವಾಗ ಯಾಕೆ ನಿಂತುಹೋಗಬೇಕು? ಮಕ್ಕಳು ಕಡಿಮೆಯಾಗುತ್ತಿರುವ ದೇಶದಲ್ಲಿ ಈ ಕಟ್ಟಳೆ ಕಸುಬನ್ನೇ ಮುಗಿಸಿಬಿಡಬಹುದು. ಇದು ಬದಲಾಗಲೇಬೇಕೆಂದು ನನ್ನ ಅನಿಸಿಕೆ. ಒನಕೆಯನ್ನು ಉಳಿಸಿಕೊಂಡೇ ಅದನ್ನು ಬದಲಿಸಬಹುದು. 2017ರ ಜುಲೈ ಮಳೆಗೆ ಹಳ್ಳ ಉಕ್ಕಿ ಕರ-ಉಸುಗಳು ಮುರಿದುಬಿದ್ದಾಗ, ಯಂತ್ರಕ್ಕೆ ಹೊರಳಲು ಅದಕ್ಕಿಂತ ಒಳ್ಳೆಯ ನೆಪ ಇರಲಿಲ್ಲ. ಊರಿನವರು ಮತ್ತೆ ಮರದ ತೊಲೆಗಳನ್ನೇ ಕೂರಿಸಿದರು. ಹೋಗುವವರು ಹಿತಾದಿಂದ ಬಸ್ಸು ವಿರಳವೆಂಬುದನ್ನು ನೆನಪಿಟ್ಟುಕೊಂಡು, ಸಾಧ್ಯವಾದರೆ ಕಾರು ಹಿಡಿದು, ಅದೇ ದಿನ ಕೊಇಶಿವಾರಾವನ್ನೂ ನೋಡಿ ಬರಬೇಕು. ಎರಡೂ ಊರುಗಳ ತಟ್ಟೆಗಳನ್ನು ಪಕ್ಕಪಕ್ಕ ಇಟ್ಟು, ಬೆಲೆ ಕೇಳಿ, ಮಾಡಿದವರ ಜೊತೆ ನಾಲ್ಕು ಮಾತಾಡಿದರೆ ಈ ವಾದ ಸರಿಯೋ ಅಲ್ಲವೋ ಎಂದು ತಾವೇ ಅಳೆಯಬಹುದು.