ಎರೆ ಮಣ್ಣಿನಲ್ಲಿ ಗೈಲಾರ್ಡಿಯಾ

ಬೀಜದ ಪೊಟ್ಟಣದ ಮೇಲೆ ‘ಬಹುವಾರ್ಷಿಕ’ ಎಂದು ಅಚ್ಚಾಗಿದ್ದರೆ, ಒಮ್ಮೆ ನೆಟ್ಟು ವರ್ಷಗಟ್ಟಲೆ ಹೂ ಕೊಯ್ಯಬಹುದೆಂದು ಯಾರಿಗಾದರೂ ಅನಿಸುತ್ತದೆ. ಸೊಲ್ಲಾಪುರ ಜಿಲ್ಲೆ ಅಕ್ಕಲಕೋಟ ತಾಲೂಕಿನ ಚಪಳಗಾಂವದಂಥ ಊರಲ್ಲಿ ಗೈಲಾರ್ಡಿಯಾದ ಮಟ್ಟಿಗೆ ಈ ಮಾತು ನಡೆಯದು. ಮರಾಠಿಯಲ್ಲಿ ಗಲಾಂಡಾ ಎನಿಸಿಕೊಂಡು, ಮಹಾರಾಷ್ಟ್ರದ ಪೇಟೆಗಳಲ್ಲಿ ಚೆಂಡುಹೂವಿನ ಪಕ್ಕದಲ್ಲೇ ತೂಕಕ್ಕೆ ಮಾರಾಟವಾಗುವ ಕೆಂಪು-ಹಳದಿ ಹೂ ಇದೇ. ಮಾಲೆಗೆ ಹೆಚ್ಚಾಗಿ ಬರುವುದು ಗೈಲಾರ್ಡಿಯಾ ಪುಲ್ಚೆಲ್ಲಾ. ಅದು ಒಂದೇ ವರ್ಷದ ಗಿಡ. ನಿಜವಾದ ಬಹುವಾರ್ಷಿಕ ಅದರ ದಾಯಾದಿ ಅರಿಸ್ಟಾಟಾ. 1806ರ ಜುಲೈನಲ್ಲಿ ಅನ್ವೇಷಕರಾದ ಲೂಯಿಸ್ ಮತ್ತು ಕ್ಲಾರ್ಕ್ ಅವರ ತಂಡ ಅದನ್ನು ಸಂಗ್ರಹಿಸಿದ್ದು ಅಮೆರಿಕದ ರಾಕಿ ಪರ್ವತಗಳ ಒಣ ಗುಡ್ಡದಲ್ಲಿ. ಇವೆರಡರ ಬೆರಕೆಯಾಗಿ 1857ರ ಸುಮಾರಿಗೆ ಬೆಲ್ಜಿಯಂನಲ್ಲಿ ಕಾಣಿಸಿಕೊಂಡ ಗ್ರಾಂಡಿಫ್ಲೋರಾವೇ ಇಂದಿನ ತೋಟಗಳ ಬಹುವಾರ್ಷಿಕ ಗೈಲಾರ್ಡಿಯಾ.

ಬರ ತಡೆಯುವ ಗಿಡ, ಸೊಲ್ಲಾಪುರ ಬರದ ಸೀಮೆ. ಜೋಡಿ ಸರಿಹೋಯಿತಲ್ಲ ಎನ್ನಬಹುದು. ತಪ್ಪುವುದು ಇಲ್ಲೇ. ಎಷ್ಟು ಮಳೆ ಬಿತ್ತು ಎಂಬುದಕ್ಕಿಂತ ಬಿದ್ದ ನೀರು ಬೇರಿನ ಬಳಿ ಎಷ್ಟು ದಿನ ನಿಂತಿತು ಎಂಬುದೇ ಈ ಗಿಡಕ್ಕೆ ಮುಖ್ಯ. ಬಸಾಲ್ಟ್ ಕಲ್ಲು ಸವೆದು ಆದ ಎರೆ ಮಣ್ಣಿನ ಜೇಡಿಕಣಗಳು ನೀರು ಹೀರಿ ಉಬ್ಬುತ್ತವೆ, ಮಣ್ಣಿನೊಳಗಿನ ಗಾಳಿಯ ದಾರಿಗಳು ಮುಚ್ಚಿಕೊಳ್ಳುತ್ತವೆ. ಈ ಭಾಗದಲ್ಲಿ ಮಳೆಯ ಜೋರು ಸೆಪ್ಟೆಂಬರಿನಲ್ಲಿ. ಆಗ ಕುಡಿದ ನೀರನ್ನು ಹಿಡಿದಿಟ್ಟುಕೊಂಡೇ ಎರೆ ಹೊಲ ಹಿಂಗಾರಿ ಜೋಳವನ್ನು ಮಳೆಯಿಲ್ಲದೆ ತೆನೆಗೆ ತರುತ್ತದೆ. ಜೋಳಕ್ಕೆ ಜೀವ ಕೊಡುವ ಆ ಗುಣವೇ ಗೈಲಾರ್ಡಿಯಾದ ಬುಡ ಕೊಳೆಸುತ್ತದೆ. ಬೇಸಿಗೆಯಲ್ಲಿ ಮಣ್ಣು ಬಿರಿದು, ಉಳಿದ ಬೇರುಗಳೂ ಹರಿಯುತ್ತವೆ.

ಏರುಮಡಿ ಕಟ್ಟಿ, ಗರಸು ಬೆರೆಸಿ ನೀರು ಬಸಿಯುವಂತೆ ಮಾಡಿದರೆ? ಅರ್ಧ ಸಮಸ್ಯೆ ತೀರುತ್ತದೆ, ಮಾಡಲೇಬೇಕಾದ ಕೆಲಸವೂ ಹೌದು. ಆದರೆ ಅರಿಸ್ಟಾಟಾದ ತವರಿನಲ್ಲಿ ಹಿಮ ಬಿದ್ದಾಗ ಮೇಲ್ಭಾಗ ಒಣಗಿ, ಬುಡ ವಿಶ್ರಾಂತಿ ಪಡೆಯುತ್ತದೆ. ನಲವತ್ತು ಡಿಗ್ರಿ ದಾಟುವ ಸೊಲ್ಲಾಪುರದ ಮೇ ತಿಂಗಳಿಗೆ ಅಂಥ ಬಿಡುವು ಗೊತ್ತಿಲ್ಲ. ಅದಿರಲಿ, ತಂಪು ದೇಶಗಳ ತೋಟಗಳಲ್ಲೂ ಗ್ರಾಂಡಿಫ್ಲೋರಾ ಸಾಮಾನ್ಯವಾಗಿ ಎರಡು-ಮೂರು ವರ್ಷಕ್ಕೇ ಸೊರಗುತ್ತದೆ. ಬುಡದಲ್ಲಿ ಹೊಸ ಚಿಗುರಿಗೆ ಶಕ್ತಿ ಉಳಿಸದೆ ಹೂವಿಗೇ ಎಲ್ಲವನ್ನೂ ಸುರಿಯುತ್ತದೆ. ಬಹುವಾರ್ಷಿಕತೆ ಎಂಬುದು ಗಿಡ ಮತ್ತು ನೆಲ ಸೇರಿ ಮಾಡಿಕೊಳ್ಳುವ ಒಪ್ಪಂದ; ಪೊಟ್ಟಣ ಒಂದು ಕಡೆಯ ರುಜು ಮಾತ್ರ ತೋರಿಸುತ್ತದೆ.

ಅಮೆರಿಕದಿಂದ ಬಂದು ದಾರಿಬದಿಯನ್ನೆಲ್ಲ ನುಂಗಿದ ಪಾರ್ಥೇನಿಯಂ ಕೂಡ ಗೈಲಾರ್ಡಿಯಾದಂತೆ ಸೂರ್ಯಕಾಂತಿ ಕುಟುಂಬದ್ದು, ಹಾಗಾಗಿ ಹಿತ್ತಲಿಗೆ ಇನ್ನೊಂದನ್ನು ಕರೆಯುವಾಗ ಅಳುಕು ಸಹಜ. (ಚೆಂಡುಹೂವೂ ಮೆಕ್ಸಿಕೊದಿಂದ ಬಂದದ್ದೇ, ದಸರೆಯಲ್ಲಿ ಯಾರೂ ಕೇಳುವುದಿಲ್ಲ.) ಪುಲ್ಚೆಲ್ಲಾ ತಾನಾಗಿ ಹಬ್ಬಬಲ್ಲದು ಎಂಬುದು ನಿಜ: ತೈವಾನಿನ ಪೆಂಗ್ಹು ದ್ವೀಪಗಳಲ್ಲಿ ಕಾಡುಹೂವಾಗಿ ಬೆಳೆದು ಅಲ್ಲಿನ ಜಿಲ್ಲಾ ಹೂವೇ ಆಗಿದೆ. ಆದರೆ ಅದು ಗಾಳಿ ಹೊಡೆಯುವ ಮರಳು ನೆಲ. ಅಂಟು ಎರೆಯಲ್ಲಿ ಆ ಭಯ ಕಡಿಮೆ, ಗರಸು ದಿಬ್ಬಗಳಲ್ಲಿ ಸ್ವಲ್ಪ ಕಣ್ಣಿಟ್ಟಿರಬೇಕು.

ಆದ್ದರಿಂದ ಚಪಳಗಾಂವದ ಹಿತ್ತಲಿಗೆ ಒಂದು ವರ್ಷದ ಪುಲ್ಚೆಲ್ಲಾವೇ ಸರಿ. ಸೆಪ್ಟೆಂಬರಿನ ಮಳೆ ಹಿಂದೆ ಸರಿದ ಮೇಲೆ, ಗರಸು ಬೆರೆಸಿದ ಎತ್ತರದ ಮಡಿಯಲ್ಲಿ, ಗೊಬ್ಬರ ಮಿತವಾಗಿ ಹಾಕಿ ಸಸಿ ನೆಡಬೇಕು. ಗೊಬ್ಬರ ಹೆಚ್ಚಾದರೆ ಎಲೆ ಸೊಕ್ಕಿ ಗಿಡ ಒರಗುತ್ತದೆ. ಬಾಡಿದ ಹೂ ಚಿವುಟಿದಷ್ಟೂ ಮೊಗ್ಗು ಬರುತ್ತವೆ. ಬೀಜಕ್ಕೆಂದು ಕೆಲವನ್ನು ಒಣಗಲು ಬಿಡಬೇಕು. ಜೇನ್ನೊಣಗಳು ಬಣ್ಣ ಬೆರೆಸುವುದರಿಂದ ಮುಂದಿನ ವರ್ಷ ಹಳದಿಯ ಬೀಜದಲ್ಲಿ ಕೆಂಪೂ ಬಂದೀತು. ಮನೆಯಂಗಳಕ್ಕೆ ಅದರಿಂದ ನಷ್ಟವಿಲ್ಲ. ಒಂದೇ ಬಣ್ಣದ ಹೂ ಕೇಳುವ ಪೇಟೆಗೆ ಬೆಳೆಯುವವರು ಮಾತ್ರ ಬಣ್ಣಗಳನ್ನು ದೂರ ದೂರ ನೆಡಬೇಕಾಗುತ್ತದೆ.