ತ್ರೀ ನಾಟ್ ತ್ರೀಗೆ ಇನ್ನೂ ಕೆಲಸವಿದೆಯೇ?

ಹಳೇ ರೈಫಲ್ ಎಂದರೆ ಗುಜರಿ ಎನ್ನುವವರಿದ್ದಾರೆ. 'ಆ ಕಾಲದ ಉಕ್ಕೇ ಬೇರೆ ಸ್ವಾಮಿ' ಎಂದು ಮೀಸೆ ತಿರುವುವವರೂ ಇದ್ದಾರೆ. ಪೊಲೀಸ್ ಶಸ್ತ್ರಾಗಾರದಲ್ಲಿ ಆರ್ಮರರ್ ಆಗಿ ಸರ್ವಿಸ್ ಮುಗಿಸಿದ ನನಗೆ ಎರಡೂ ಅರ್ಧಂಬರ್ಧ ಮಾತಾಗಿ ಕೇಳುತ್ತವೆ. ರೈಫಲ್‌ಗಿಂತ ಮೊದಲು ಮುದಿಯಾಗುವುದು ಅದರ ತೋಟಾ, ಅದರ ಬಿಡಿಭಾಗ, ಅದನ್ನು ರಿಪೇರಿ ಮಾಡಬಲ್ಲ ಕೈ.

ನಮ್ಮವರು ತ್ರೀ ನಾಟ್ ತ್ರೀ ಎಂದು ಕರೆಯುವ ಲೀ-ಎನ್‌ಫೀಲ್ಡ್ ಎರಡು ಮಹಾಯುದ್ಧ ಕಂಡದ್ದು. ಬಂಗಾಳದ ಇಶಾಪುರ ಕಾರ್ಖಾನೆಯಲ್ಲೂ ತಯಾರಾಯಿತು. ತೂಕ ಹತ್ತಿರಹತ್ತಿರ 4 ಕಿಲೋ, ಮ್ಯಾಗಜಿನ್‌ನಲ್ಲಿ 10 ಸುತ್ತು. ಒಂದೊಂದು ಗುಂಡಿಗೂ ಕೈಯಿಂದಲೇ ಬೋಲ್ಟ್ ಎಳೆದು ತಳ್ಳಬೇಕು. ಗುಂಡಿನ ಗ್ಯಾಸ್‌ನಿಂದ ತಾನೇ ಓಡುವ ಯಂತ್ರ ಒಳಗಿಲ್ಲ, ಹಾಗಾಗಿ ಕೆಡುವುದಕ್ಕೂ ಹೆಚ್ಚೇನಿಲ್ಲ. ಧೂಳಾಗಲಿ, ಮಳೆಯಾಗಲಿ, ಬೋಲ್ಟ್ ಆಡುತ್ತದೆ.

ಹಾಗೆಂದು ಕಣ್ಣುಮುಚ್ಚಿ ನಂಬುವಂತಿಲ್ಲ. ಹಳೇ ರೈಫಲ್ ಕೈಗೆ ಬಂದರೆ ನಾನು ಮೊದಲು ನೋಡುವುದು ಬೋಲ್ಟ್ ಹಿಡಿಯ ಹಿಂಬದಿಯಲ್ಲಿ ಕೊರೆದ ನಂಬರು. ರೈಫಲ್‌ನ ನಂಬರಿಗೆ ಅದು ಹೊಂದಬೇಕು. ಹತ್ತಾರು ರೈಫಲ್ ಒಟ್ಟಿಗೆ ಬಿಚ್ಚಿ ತೊಳೆಯುವ ದಿನ ಬೋಲ್ಟುಗಳು ಅದಲುಬದಲಾಗಿಬಿಡುತ್ತವೆ. ಆಮೇಲೆ ಬೋಲ್ಟ್ ತಲೆಗೂ ನಳಿಕೆಯ ಬುಡಕ್ಕೂ ನಡುವಿನ ಸಂದು ಗೇಜ್ ಹಾಕಿ ನೋಡಬೇಕು. ಈ ತೋಟಾದ ಬುಡದಲ್ಲಿ ಅಂಚಿದೆ. ಅದು ಕೂರುವಷ್ಟೇ ಜಾಗ ಇರಬೇಕು. ಸಂದು ಹೆಚ್ಚಾದರೆ ಹಿತ್ತಾಳೆ ಕೇಸ್ ಹರಿದು ಬಿಸಿ ಗ್ಯಾಸ್ ಹೊಡೆಯುವವನ ಮುಖಕ್ಕೇ ಬರಬಹುದು. ಇದೇ ಮನೆತನದ ನಂಬರ್ 4 ಮಾದರಿಗೆ ಇದಕ್ಕೆಂದೇ 0 ಯಿಂದ 3ರವರೆಗೆ ಬೇರೆ ಬೇರೆ ಅಳತೆಯ ಬೋಲ್ಟ್ ತಲೆಗಳಿದ್ದವು. ಸವೆದಂತೆ ದೊಡ್ಡದನ್ನು ತಿರುಗಿಸಿ ಕೂರಿಸಿದರೆ ಆಯಿತು.

ಇನ್ನೊಂದು ಶತ್ರು ಹಳೇ ಮದ್ದು. ಅದರ ಕೇಪಿನ ರಾಸಾಯನಿಕ ಉರಿದ ಮೇಲೆ ನಳಿಕೆಯಲ್ಲಿ ಉಪ್ಪು ಉಳಿಯುತ್ತದೆ. ಉಪ್ಪು ಗಾಳಿಯ ತೇವ ಹೀರುತ್ತದೆ, ನಳಿಕೆಗೆ ತುಕ್ಕು ಹಿಡಿಯುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಅದಕ್ಕೇ ಫೈರಿಂಗ್ ಮುಗಿದ ಸಂಜೆ ಕುದಿಯುವ ನೀರನ್ನು ನಳಿಕೆಯೊಳಗೆ ಸುರಿದು, ಬಟ್ಟೆ ಕಟ್ಟಿದ ಪುಲ್‌ಥ್ರೂ ಎಳೆದು ಒಣಗಿಸಿ, ಆಮೇಲೆ ಎಣ್ಣೆ ಹಚ್ಚುವುದು. ಹೊಸ ಹುಡುಗರು ನೀರು ಕಂಡರೆ ಗಾಬರಿಯಾಗುತ್ತಿದ್ದರು. ಬರೀ ಎಣ್ಣೆ ಬಳಿದಿಟ್ಟ ರೈಫಲ್‌ನ ನಳಿಕೆಯನ್ನು ಬೆಳಕಿಗೆ ಹಿಡಿದು ತೋರಿಸಿದರೆ ಸಾಕು, ಒಳಗಿನ ಕೆಂಪು ಚುಕ್ಕೆಗಳೇ ಪಾಠ ಹೇಳುತ್ತಿದ್ದವು.

ಇಷ್ಟು ನೋಡಿಕೊಂಡರೆ ಅದರಿಂದ ಎಂಥ ಕೆಲಸ ತೆಗೆಯಬಹುದು? ಗ್ರೀನ್‌ಲ್ಯಾಂಡ್‌ನಲ್ಲಿ ನಾಯಿಬಂಡಿ ಹೂಡಿ ಗಸ್ತು ತಿರುಗುವ ಡೆನ್ಮಾರ್ಕ್‌ನ ಸಿರಿಯಸ್ ದಳ ಹಿಮಕರಡಿಯಿಂದ ರಕ್ಷಣೆಗೆ ಅಮೆರಿಕದಲ್ಲಿ ತಯಾರಾದ 1917ರ ಮಾದರಿಯ ರೈಫಲ್ ನೆಚ್ಚಿಕೊಂಡಿತ್ತು. ಸ್ವಯಂಚಾಲಿತ ಬಂದೂಕು ಕೈಕೊಡಬಹುದಾದ ಚಳಿಯಲ್ಲೂ ಬೋಲ್ಟನ್ನು ಕೈಬಲದಿಂದ ಆಡಿಸಬಹುದು. ಅದರ .30-06 ತೋಟಾ ಇವತ್ತಿಗೂ ಬೇಟೆಗಾರರಿಗಾಗಿ ತಯಾರಾಗುತ್ತಿದೆ. ಕೆನಡಾದ ಉತ್ತರ ಭಾಗದಲ್ಲಿ ಕಾವಲು ಕಾಯುವ ರೇಂಜರ್‌ಗಳು 1947ರಿಂದ ನಮ್ಮ ತ್ರೀ ನಾಟ್ ತ್ರೀಯ ತಮ್ಮನಾದ ನಂಬರ್ 4 ಇಟ್ಟುಕೊಂಡಿದ್ದರು. ಬಿಡಿಭಾಗ ಸಿಗುವುದು ಕಷ್ಟವಾದಾಗ, 2018ರ ಹೊತ್ತಿಗೆ ಬದಲಾವಣೆ ಶುರುವಾಯಿತು. ಬದಲಿಗೆ ಬಂದದ್ದೂ ಬೋಲ್ಟ್ ಎಳೆಯುವ ರೈಫಲ್ಲೇ!

ನಮ್ಮ ಊರುಗಳ ಕಥೆ ಬೇರೆ. 2008ರ ನವೆಂಬರ್ 26ರ ರಾತ್ರಿ ಮುಂಬೈ ಸಿಎಸ್‌ಟಿ ನಿಲ್ದಾಣದಲ್ಲಿ ಎಕೆ ಹಿಡಿದು ಬಂದವರೆದುರು ಪೊಲೀಸರ ಕೈಲಿದ್ದದ್ದು ಇದೇ ತ್ರೀ ನಾಟ್ ತ್ರೀ ಮತ್ತು ಲಾಠಿ. ನಿಮಿಷಕ್ಕೆ 15 ಗುರಿಗುಂಡು ಹೊಡೆಯುವವನನ್ನು ಪಳಗಿದ ಸಿಪಾಯಿ ಎನ್ನುತ್ತಿದ್ದ ಕಾಲದ ಆಯುಧ ಅದು. ಜನಜಂಗುಳಿಯಲ್ಲಂತೂ ಇನ್ನೂ ಅಪಾಯ: ಗುಂಡು ಒಬ್ಬನನ್ನು ದಾಟಿ ಹಿಂದಿನವನಿಗೂ ತಗಲಬಹುದು. ಉತ್ತರ ಪ್ರದೇಶ ಪೊಲೀಸರು 2020ರ ಗಣರಾಜ್ಯೋತ್ಸವದ ಪೆರೇಡ್‌ನಲ್ಲಿ ಇದಕ್ಕೆ ವಿದಾಯ ಹೇಳಿದರು. ಒಳ್ಳೆಯದೇ ಆಯಿತು.

ರೈಫಲ್‌ಗಿಂತ ಮೊದಲು ತೋಟಾ ಮುದಿಯಾಗುತ್ತದೆ ಎಂಬುದು ನಮ್ಮವರಿಗೆ ಗೊತ್ತಿರಲಿಲ್ಲ ಎಂದಲ್ಲ. 1962ರ ಚೀನಾ ಯುದ್ಧದ ನಂತರ ಇಶಾಪುರದವರು ಇದೇ ರೈಫಲನ್ನು ಇನ್ನೂ ಗಟ್ಟಿ ಉಕ್ಕಿನಲ್ಲಿ, ಎಸ್‌ಎಲ್‌ಆರ್ ಎಂಬ ಸೆಲ್ಫ್ ಲೋಡಿಂಗ್ ರೈಫಲ್‌ಗೆ ಬಳಸುವ 7.62 ತೋಟಾಕ್ಕೆ ಹೊಂದುವಂತೆ ಮಾಡಿದರು. ಅದೇ 2ಎ1. ದೂರದಿಂದ ನೋಡಿದರೆ ಅಣ್ಣತಮ್ಮ ಒಂದೇ ಥರ. ಮ್ಯಾಗಜಿನ್ ಚೌಕಾಕಾರ ಇದ್ದರೆ 2ಎ1 ಎಂದು ಗುರುತಿಸುತ್ತಿದ್ದೆವು. ತೋಟಾ ಹಂಚುವವನಿಗೆ ಈ ಗುರುತು ಬಾಯಿಪಾಠ ಇರಲೇಬೇಕು.

'ಸೇನೆಯ ಹಳೇದೊಂದು ತೋಟದ ಮನೆಗೆ ಸಿಗುತ್ತದಾ?' ಎಂದು ಮಲೆನಾಡಿನ ನೆಂಟರು ಕೇಳುವುದುಂಟು. ಅಮೆರಿಕದಲ್ಲಿ ಹೀಗೆ ಮಿಲಿಟರಿ ರೈಫಲ್‌ಗಳು ನಾಗರಿಕರ ಕೈಸೇರುತ್ತವೆ, ಇಲ್ಲಿ ಅಂಥ ಸಂತೆಯಿಲ್ಲ. .303 ನಮ್ಮಲ್ಲಿ ನಿಷೇಧಿತ ಬೋರ್. ಲೈಸೆನ್ಸ್‌ದಾರರಿಗೆ ಇಶಾಪುರದವರದೇ .315 ಸ್ಪೋರ್ಟಿಂಗ್ ರೈಫಲ್ ಇದೆ, ಅದರ ಬೋಲ್ಟ್ ನೋಡಿದರೆ ಲೀ-ಎನ್‌ಫೀಲ್ಡ್ ಮನೆತನ ಎಂದು ತಿಳಿಯುತ್ತದೆ. ಹಂದಿ, ಮಂಗ ಓಡಿಸುವ ಸದ್ದಿಗೆ ಅದೂ ಬೇಡ. ಬೇಲಿ ದಾಟಿ ಪಕ್ಕದ ಊರಿನವರೆಗೂ ಹೋಗಬಲ್ಲ ಗುಂಡು ಅಡಿಕೆ ತೋಟದ ಕಾವಲಿಗೆ ಯಾಕೆ?

ಹಳೇ ರೈಫಲ್‌ಗೆ ಇವತ್ತು ತಕ್ಕ ಕೆಲಸ ಒಂಟಿ ಗುರಿ, ಬಯಲು ಜಾಗ, ಸಾವಧಾನದ ಕೈ ಇರುವ ಕಡೆ ಮಾತ್ರ. ಗುಂಡು ಹಾರಿಸುವುದನ್ನು ಕಲಿಯುವವರಿಗಂತೂ ಅದು ಒಳ್ಳೆಯ ಮೇಷ್ಟ್ರು: ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಾದವನು ಗುರಿ ನೋಡದೆ ಟ್ರಿಗರ್ ಮುಟ್ಟುವುದಿಲ್ಲ. ಆದರೆ ತೋಟಾ ಎಲ್ಲಿಂದ ತರುತ್ತೀರಿ, ಸವೆದ ಬೋಲ್ಟ್ ತಲೆಗೆ ಬದಲಿ ಯಾರು ಕೊಡುತ್ತಾರೆ ಎಂಬುದಕ್ಕೆ ಉತ್ತರವಿಲ್ಲದಿದ್ದರೆ, ಎಷ್ಟೇ ಹೊಳೆಯುತ್ತಿರಲಿ, ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡುವುದೇ ಸರಿ.