ಮನೆಯವರಿಗೆ ಹೇಳುವ ಸತ್ಯ, ಅದರ ಬೆಲೆ

ಹರ್ಮನ್ ಮೊಗ್ಲಿಂಗ್ ಅಂದ ಕೂಡಲೇ ನಮಗೆ ನೆನಪಾಗೋದು 1843ರ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ. ಮರುವರ್ಷ ಅವರ ಶಿಷ್ಯರ ನಡುವೆ ನಡೆದ ಸಂಗತಿ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ವಿದ್ಯಾರ್ಥಿ ದೀಕ್ಷಾಸ್ನಾನ ಪಡೆದರು. ಹೆಚ್ಚುಕಡಿಮೆ ನಮ್ಮದೇ ವಯಸ್ಸು.

ಮನಸ್ಸಲ್ಲೇ ನಂಬಿಕೊಂಡು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಹೊಸದಾಗಿ ಸೇರುವವರಿಗೆ ದೀಕ್ಷಾಸ್ನಾನ ಅಂದ್ರೆ ಎಲ್ಲರೆದುರು ಬಾಯಿಬಿಟ್ಟು ಹೇಳುವುದು. ಹೇಳಿದ ಮೇಲೆ ಮನೆಯವರ ಪಂಕ್ತಿಯಲ್ಲಿ ಊಟವಿಲ್ಲ, ಜಾತಿಯಿಲ್ಲ, ಹಿರಿಯರ ಆಸ್ತಿಗೂ ಕುತ್ತು. 1850ರ ಕಾಯಿದೆ ಬಂದ ಮೇಲಷ್ಟೇ ಮತ ಬದಲಿಸಿದವರ ಆಸ್ತಿ ಹಕ್ಕಿಗೆ ರಕ್ಷಣೆ ಸಿಕ್ಕಿತು.

ಹೆಂಡತಿಯ ವಿಷಯದಲ್ಲಿ ಆ ಕಾಯಿದೆ ಏನೂ ಮಾಡುವ ಹಾಗಿರಲಿಲ್ಲ. ಅವರು ಜೊತೆಗೆ ಬರಲಿಲ್ಲ. ಕೌಂಡಿನ್ಯರು 1846ರಲ್ಲಿ ಮೊಗ್ಲಿಂಗ್ ಜೊತೆ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾದರು. 1860ರಲ್ಲಿ ಜರ್ಮನ್ ಮಹಿಳೆಯೊಬ್ಬರನ್ನು ಮದುವೆಯಾದರು. ಗಂಡ ಬದುಕಿದ್ದೂ ಇಲ್ಲದ ಹಾಗಾದ ಆ ಮೊದಲ ಹೆಂಡತಿ ತೆತ್ತ ಬೆಲೆಯೇ ದೊಡ್ಡದು ಅಂತ ನನಗನ್ಸುತ್ತೆ, ಯಾಕಂದ್ರೆ ಹೇಳಬೇಕೋ ಬೇಡವೋ ಅನ್ನುವ ಆಯ್ಕೆಯೂ ಆಕೆಗಿರಲಿಲ್ಲ.

ಇಂಥ ಮನೆಗಳು ಬೇರೆಯೂ ಇದ್ದವು. ಅದಕ್ಕೇ 1866ರಲ್ಲಿ ಪ್ರತ್ಯೇಕ ಕಾಯಿದೆ ಬಂತು: ಕ್ರೈಸ್ತರಾದವರ ಜೊತೆ ಬಾಳಲು ಗಂಡನೋ ಹೆಂಡತಿಯೋ ಒಪ್ಪದಿದ್ದರೆ, ಕೋರ್ಟು ಅವರನ್ನೇ ಕೇಳಿ, ಒಂದು ವರ್ಷ ಕಾದು, ಮತ್ತೆ ಕೇಳಿ, ಆಮೇಲೆ ಮದುವೆ ಬಿಡಿಸುತ್ತಿತ್ತು. ಹಳೇ ಕಥೆ ಅನ್ಬೇಡಿ. ನಾವಿರುವ ಮಲೇಷ್ಯಾದಲ್ಲಿ 1976ರ ವಿವಾಹ ಕಾಯಿದೆಯ 51ನೇ ಸೆಕ್ಷನ್ ಇಂಥದ್ದೇ ಪ್ರಶ್ನೆಯದು. ಇಲ್ಲಿ ದಂಪತಿಯಲ್ಲೊಬ್ಬರು ಇಸ್ಲಾಮಿಗೆ ಸೇರಿದಾಗ. ಕಾಯಿದೆಯ ಮೂಲ ರೂಪದಲ್ಲಿ ಕಾಯಬೇಕಿದ್ದದ್ದು ಮೂರು ತಿಂಗಳು.

ಹಾಗಂತ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡು ಅಂತ ಬೈಬಲ್ ಹೇಳೋದಿಲ್ಲ. ಮತ್ತಾಯನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಮನೆಯವರೇ ಎದುರಾದಾರು ಎಂಬ ಎಚ್ಚರಿಕೆ ಇದೆ, ನಿಜ. ಆದರೆ 18ನೇ ಅಧ್ಯಾಯದಲ್ಲಿ ತಪ್ಪು ತೋರಿಸುವ ಕ್ರಮವೂ ಇದೆ: ಮೊದಲು ಇಬ್ಬರೇ ಇದ್ದಾಗ, ಕೇಳದಿದ್ದರೆ ಒಬ್ಬಿಬ್ಬರ ಜೊತೆ, ಕೊನೆಗೆ ಸಭೆಯ ಮುಂದೆ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಹಾಕೋದು ಈ ಲೆಕ್ಕದಲ್ಲಿ ಕೊನೇ ಮೆಟ್ಟಿಲು!

ಊರಿಂದ ಇಷ್ಟು ದೂರ ಓದ್ತಿರೋ ನಮಗೆ ಒಂದು ಅನುಕೂಲ, ಮಾತು ಬಿಸಿಯಾದರೆ ಫೋನ್ ಇಟ್ಟುಬಿಡಬಹುದು. ಕೌಂಡಿನ್ಯರು ಮಂಗಳೂರಿಗೇ ವಾಪಸು ಬಂದರು. ತಮ್ಮನ್ನು ಬಿಟ್ಟ ಜನರ ಊರಲ್ಲೇ ಮಿಶನ್ನಿನ ಸೆಮಿನರಿಯಲ್ಲಿ ಪಾಠ ಮಾಡಿದರು.